ಕಡಲಿನೆದುರಿನ ಕಾಲೇಜು

ಭಾನುವಾರ ಸಂಜೆ ಮಗನನ್ನು ಕರೆದುಕೊಂಡು ಮರೀನಾ ತೀರಕ್ಕೆ ಹೋಗುವುದು ಚೆನ್ನೈಗೆ ಬಂದಂದಿನಿಂದ ನನ್ನ ರೂಢಿ. ಅಲೆಗೆ ಬೆನ್ನು ಮಾಡಿ ನಿಂತರೆ ರಸ್ತೆಯಾಚೆ ಪ್ರೆಸಿಡೆನ್ಸಿ ಕಾಲೇಜಿನ ಕೆಂಪು ಕಟ್ಟಡ, ಅದರ ನೆತ್ತಿಯಲ್ಲಿ ಗಡಿಯಾರ. 1933ರಿಂದ ಕೊನೆಯವರೆಗೂ ಬೆಂಗಳೂರಿನಲ್ಲೇ ನೆಲೆಸಿದ ಸರ್ ಸಿ. ವಿ. ರಾಮನ್ ಅವರು ಓದಿದ್ದು ಇಲ್ಲಿ.

1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿ, ತಂದೆ ಅಧ್ಯಾಪಕರಾಗಿದ್ದ ವಿಶಾಖಪಟ್ಟಣದಲ್ಲಿ ಬೆಳೆದ ಹುಡುಗ ಈ ಮೆಟ್ಟಿಲು ಹತ್ತಿದಾಗ ಹದಿನೈದು ತುಂಬಿರಲಿಲ್ಲ. 1904ರಲ್ಲಿ ಬಿ.ಎ.; ಮೊದಲ ಸ್ಥಾನ, ಭೌತಶಾಸ್ತ್ರದಲ್ಲಿ ಚಿನ್ನದ ಪದಕ. ಎಂ.ಎ. ತರಗತಿಯಲ್ಲಿ ಪ್ರೊಫೆಸರ್ ಜೋನ್ಸ್ ಹಾಜರಿಗೆ ಪೀಡಿಸದೆ ಅವರನ್ನು ಅವರ ಪಾಡಿಗೆ ಬಿಟ್ಟರಂತೆ. ಎಂಥ ಪುಣ್ಯಾತ್ಮ! ಗಾಜಿನ ಪಟ್ಟಕದ ಕೋನ ಅಳೆಯುವಾಗ ಕಂಡ ಬೆಳಕಿನ ಪಟ್ಟಿಗಳ ಬೆನ್ನುಹತ್ತಿ ಬರೆದ ಲೇಖನ 1906ರ ನವೆಂಬರಿನಲ್ಲಿ ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಆಗ ವಯಸ್ಸು ಹದಿನೆಂಟು.

ಇಂಗ್ಲೆಂಡಿನ ಹವೆಗೆ ಈ ಮೈ ತಡೆಯದೆಂದರು ವೈದ್ಯರು. ಹಾಗಾಗಿ 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆ ಸೇರಿ ಕಲ್ಕತ್ತೆಗೆ ಹೊರಟರು. ಲೆಕ್ಕಪತ್ರದ ಕೆಲಸ. ಅವರು ದೊಡ್ಡ ಅಧಿಕಾರಿ, ನಾನು ಗುಮಾಸ್ತ, ಹೋಲಿಕೆ ಸಲ್ಲದು. ಆದರೆ ಅವರು ಕಚೇರಿಗೆ ಮುಂಚೆ ಒಮ್ಮೆ, ಕಚೇರಿ ಬಿಟ್ಟ ಮೇಲೆ ಮತ್ತೊಮ್ಮೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಗೆ ಹೋಗುತ್ತಿದ್ದರು. 1917ರಲ್ಲಿ ಪ್ರಾಧ್ಯಾಪಕರಾಗಲು ಆ ನೌಕರಿಯನ್ನೇ ಬಿಟ್ಟರು. ನಾನು ಎಂ.ಎ.ಗೆಂದು ಕೊಂಡ ಪುಸ್ತಕಗಳು ನೌಕರಿ ಸಿಕ್ಕಿದ ದಿನದಿಂದ ಅಟ್ಟದ ಮೇಲಿವೆ.

ಇಷ್ಟನ್ನೂ ಕೇಳಿಸಿಕೊಂಡ ಮಗ, “ಅಪ್ಪಾ, ಆಫೀಸಿಂದ ಬಂದ ಮೇಲೆ ನೀನೇನು ಮಾಡ್ತೀಯ?” ಎಂದ.

ಇಲ್ಲಿಯವರು ಸುಂಡಲ್ ಎನ್ನುವ ಉಸಲಿ ಕೊಡಿಸಿದೆ.