ಅಮ್ಮ ಕೇಳಿದ ದೂರ



2023ರ ಆಗಸ್ಟ್‌ನಲ್ಲಿ ನನ್ನ ಅಕ್ಕನ ಮಗ ಓದೋಕೆ ಅಂತ ಕ್ಯಾಲಿಫೋರ್ನಿಯಾಗೆ ಹೊರಟಾಗ ನಮ್ಮಮ್ಮ ಕೇಳಿದ್ದು ಒಂದೇ ಮಾತು: "ಆ ಊರು ಏಟು ದೂರ ಐತಪ್ಪಾ?"

ಆಫೀಸಲ್ಲಿ ಊಟದ ಹೊತ್ತಿಗೆ ಕೂತು ಲೆಕ್ಕ ಹಾಕಿದೆ. ನರಸಾಪುರದಿಂದ ಹೊಸಕೋಟೆ ಮೇಲೆ ದೇವನಹಳ್ಳಿ ಏರ್‌ಪೋರ್ಟಿಗೆ 50-60 ಕಿ.ಮೀ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಅಂದ್ರೂ ಸುಮಾರು 14,000 ಕಿ.ಮೀ. ಭೂಮಿ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಆಗಿದ್ದ ಎಲ್ಲೂ ನಿಲ್ಲದ ವಿಮಾನ ಹತ್ತಿದರೆ ಹೋಗೋವಾಗ ಗಾಳಿ ಬೆನ್ನಿಗಿರ್ತಿತ್ತು, 16 ಗಂಟೆ ಆಸುಪಾಸು. ಬರೋವಾಗ 17 ದಾಟ್ತಿತ್ತು. 2021ರ ಜನವರಿಯಲ್ಲಿ ಈ ದಾರಿಯ ಮೊದಲ ಏರ್ ಇಂಡಿಯಾ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿದ್ದು ಹೆಣ್ಣುಮಕ್ಕಳೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತವರ ತಂಡ.

ಹುಡುಗ ಮಧ್ಯಾಹ್ನ ಹತ್ತಿ ಅದೇ ದಿನ ಸಂಜೆ ಇಳಿದ. ಆ ತಿಂಗಳಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. "ಅಷ್ಟು ದೂರ ಹೋದ್ರೂ ದಿನಾನೇ ಕಳೀಲಿಲ್ವಾ?" ಅಂದ್ಲು ಅಮ್ಮ.

ವಾರ ಬಿಟ್ಟು ಅವನು ಫೋನ್ ಮಾಡಿದಾಗ ದನಿ ಸಣ್ಣಗಿತ್ತು. ರೂಮಿಗೆ ಜೊತೆ ಹುಡುಕ್ತಿದ್ದ ನಮ್ಮ ದೇಶದ ಹುಡುಗನೊಬ್ಬ ಮೊದಲು ಊರು ಕೇಳಿದನಂತೆ. ಆಮೇಲೆ ಅಪ್ಪನ ಪೂರ್ತಿ ಹೆಸರು, ಆಮೇಲೆ ಮನೆದೇವರು. ಮಾರನೇ ದಿನ ಮೆಸೇಜು: ರೂಮು ಭರ್ತಿಯಾಗಿದೆ.

ಮುಂದಿನ ತಿಂಗಳು ಕ್ಯಾಲಿಫೋರ್ನಿಯಾ ಶಾಸನಸಭೆ ಜಾತಿ ತಾರತಮ್ಯವನ್ನ ಹೆಸರು ಹಿಡಿದು ನಿಷೇಧಿಸೋ ಮಸೂದೆ ಪಾಸು ಮಾಡಿತು. ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕದೆ ವಾಪಸ್ ಕಳಿಸಿದರು. ಈಗಿರೋ ಕಾನೂನೇ ಸಾಕಂತೆ.

ಇದನ್ನೆಲ್ಲ ಹೇಳಿದಾಗ ಅಮ್ಮನಿಗೆ ನೆನಪಾಗಿದ್ದು ಉಳ್ಳೇರಹಳ್ಳಿ. ದೂರ ಏನಿಲ್ಲ, ನಮ್ಮ ಪಕ್ಕದ ಮಾಲೂರು ತಾಲ್ಲೂಕು. 2022ರ ಸೆಪ್ಟೆಂಬರ್‌ನಲ್ಲಿ ನಮ್ಮೋರ ಹುಡುಗನೊಬ್ಬ ದೇವರ ಕೋಲು ಮುಟ್ಟಿದ ಅಂತ 60,000 ರೂಪಾಯಿ ದಂಡ ಹಾಕಿದ್ರಲ್ಲ, ಅದೇ ಊರು. "ಅಲ್ಲೂ ಅದೇನಾ?" ಅಂದು ಸುಮ್ಮನಾದಳು.

ನಮ್ಮ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ಜೋಡಿಸ್ತಾರೆ. ಆ ಕಂಪನಿಯ ಕೇಂದ್ರ ಕಚೇರಿ ಇರೋ ಕ್ಯುಪರ್ಟಿನೋ, ಹುಡುಗ ಇಳಿದ ಏರ್‌ಪೋರ್ಟಿಂದ 50 ಕಿ.ಮೀ. ಆ ಫೋನನ್ನ ಯಾವ ಕೇರಿಯ ಕೈ ಮುಟ್ಟಿತ್ತು ಅಂತ ಕೊಳ್ಳೋರು ಯಾರೂ ಕೇಳಲ್ಲ. ಅದೇ ಕೇರಿಯ ಹುಡುಗ ಹೋದರೆ ಮನೆದೇವರು ಕೇಳ್ತಾರೆ.

ಅವನೀಗ ಅಲ್ಲಿನ ಅಂಬೇಡ್ಕರ್‌ವಾದಿ ಗೆಳೆಯರ ಜೊತೆ ಇದ್ದಾನೆ, ಚೆನ್ನಾಗಿದ್ದಾನೆ. ಆ ಗೆಳೆಯರು ಸಿಗೋವರೆಗೆ ಒಂದೂವರೆ ತಿಂಗಳು ಒಬ್ಬನೇ ಒದ್ದಾಡಿದ. ವಿಮಾನದ 16 ಗಂಟೆ ಲೆಕ್ಕ ಹಾಕಿದ ನಾನು ಈ ಒಂದೂವರೆ ತಿಂಗಳ ಲೆಕ್ಕ ಹಾಕಿರಲಿಲ್ಲ.

ಅದಕ್ಕೇ ಬರೀತಿದ್ದೀನಿ. ನಿಮ್ಮ ಮನೆಯ ಮಕ್ಕಳು ಹೊರಟರೆ ಟಿಕೆಟ್ ಬುಕ್ ಮಾಡೋಕೆ ಮುಂಚೆ ಅಲ್ಲಿರೋ ನಮ್ಮೋರನ್ನ ಹುಡುಕಿ. ಉಪ್ಪಿನಕಾಯಿ ಡಬ್ಬಿ ಜೊತೆ ಅವರ ನಂಬರೂ ಕಟ್ಟಿ ಕಳಿಸಿ.