ಹಗ್ಗದ ಇನ್ನೊಂದು ತುದಿ

ಚಿಕ್ಕಮಗಳೂರು ಎಂದರೆ ನಮ್ಮ ಸಿಂಧನೂರು ಸೀಮೆಯವರಿಗೆ ಕಾಫಿ ಮತ್ತು ಮಳೆ. ಎರಡೂ ನಮಗೆ ಅಷ್ಟಾಗಿ ಒಗ್ಗಿದವಲ್ಲ. ನಾವು ಚಹಾದವರು, ನೀರೆಂದರೆ ನಮಗೆ ತುಂಗಭದ್ರಾ ಎಡದಂಡೆ ಕಾಲುವೆಗೆ ಬಿಡುವ ನೀರು, ಆಕಾಶದ ಮೇಲೆ ನಂಬಿಕೆ ಕಡಿಮೆ. ಹೀಗಿದ್ದೂ ಮುಕ್ಕುಂದದ ಈ ವಿಜ್ಞಾನ ಮಾಸ್ತರನ ಮೇಜಿನ ಖಾನೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಹುಡುಗಿಯೊಬ್ಬಳ ಬಗ್ಗೆ ಬಂದ ಪತ್ರಿಕಾ ತುಣುಕುಗಳು ಕೆಲವು ವರ್ಷಗಳಿಂದ ಸೇರುತ್ತಾ ಬಂದಿವೆ. ಹೆಸರು ರಕ್ಷಿತಾ ರಾಜು. 1500 ಮೀಟರ್ ಓಟಗಾರ್ತಿ. ಕಣ್ಣು ಕಾಣದು.

ರಕ್ಷಿತಾ ಚಿಕ್ಕವಳಿರುವಾಗಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಸಾಕಿದವಳು ಅಜ್ಜಿ. ಆ ಅಜ್ಜಿಗೆ ಕಿವಿ ಕೇಳದು, ಮಾತು ಬಾರದು. ಸ್ವಲ್ಪ ಯೋಚಿಸಿ ನೋಡಿ: ಅಜ್ಜಿ ಮಾಡುವ ಸನ್ನೆ ಮೊಮ್ಮಗಳಿಗೆ ಕಾಣುವುದಿಲ್ಲ; ಮೊಮ್ಮಗಳು ಆಡುವ ಮಾತು ಅಜ್ಜಿಗೆ ಕೇಳುವುದಿಲ್ಲ. ಇಬ್ಬರ ನಡುವೆ ಉಳಿಯುವುದು ಕೈಯ ಸ್ಪರ್ಶ. ಮುಂದೆ ಈಕೆಯ ಓಟದ ಜೀವನವೆಲ್ಲ ಮುಂಗೈಗೆ ತಾಗುವ ಒಂದು ಹಗ್ಗವನ್ನು ನಂಬಿ ನಡೆಯಿತು ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಅಜ್ಜಿಯೇ.

ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ ಈಕೆ ಓದಿದಳು. ಅಲ್ಲಿ ದೈಹಿಕ ಶಿಕ್ಷಕರ ಕಣ್ಣಿಗೆ ಬಿದ್ದಳು. ಮುಂದೆ ರಾಹುಲ್ ಬಾಲಕೃಷ್ಣ ಎಂಬ ತರಬೇತುದಾರರು ಬೆಂಗಳೂರಿಗೆ ಕರೆಸಿಕೊಂಡರು. ಅವರೂ ಹಿಂದೆ ಮಧ್ಯಮ ದೂರದ ಓಟಗಾರರೇ. ಪಕ್ಕದಲ್ಲಿ ಓಡಲು ತಬರೇಶ್ ಎಂಬ ಯುವಕ ಸಿಕ್ಕ. 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ರಕ್ಷಿತಾಗೆ ಟಿ-11 ವಿಭಾಗದ ಚಿನ್ನ. ಕಾಲ 5 ನಿಮಿಷ 40 ಸೆಕೆಂಡು ಚಿಲ್ಲರೆ. ಕೋವಿಡ್ ದೆಸೆಯಿಂದ ವರ್ಷ ತಡವಾಗಿ 2023ರ ಅಕ್ಟೋಬರಿನಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಮತ್ತೆ ಚಿನ್ನ. ಈ ಸಲ 5 ನಿಮಿಷ 21 ಸೆಕೆಂಡು. ಬೆಳ್ಳಿಯೂ ನಮ್ಮ ದೇಶದ ಲಲಿತಾ ಕಿಲ್ಲಕಾಗೇ ಬಂತು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈ ಓಟಕ್ಕೆ ಭಾರತದಿಂದ ನಿಂತ ಮೊದಲ ಅಂಧ ಹೆಣ್ಣುಮಗಳು ಈಕೆಯೇ. ಅಂತಿಮ ಸುತ್ತು ತಲುಪಲಿಲ್ಲ.

ಹತ್ತೊಂಬತ್ತು ಸೆಕೆಂಡು ಎಂದರೆ ಎಷ್ಟು ಎಂದು ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳಿದೆ. ಒಬ್ಬ, ‘ಒಂದು ಆಕಳಿಕೆ ಸರ್’ ಎಂದ. ಹಲಗೆಯ ಮೇಲೆ ಲೆಕ್ಕ ಮಾಡಿಸಿದೆ. ಜಕಾರ್ತದ ರಕ್ಷಿತಾಳನ್ನೂ ಹಾಂಗ್‌ಝೌ ರಕ್ಷಿತಾಳನ್ನೂ ಒಂದೇ ಪಂದ್ಯದಲ್ಲಿ ಓಡಿಸಿದರೆ, ಎರಡನೆಯವಳು ಗೆರೆ ದಾಟುವಾಗ ಮೊದಲನೆಯವಳು ಇನ್ನೂ 80 ಮೀಟರಿಗಿಂತ ಹಿಂದೆ ಇರುತ್ತಾಳೆ. ನಮ್ಮ ಶಾಲೆಯ ಗೇಟಿನಿಂದ ನೀರಿನ ಟಾಕಿಯವರೆಗಿನ ದೂರ. ಐದು ವರ್ಷದಲ್ಲಿ ಅಷ್ಟು. ವೇಗ ಗಂಟೆಗೆ ಹತ್ತಿರ ಹತ್ತಿರ 17 ಕಿಲೋಮೀಟರು. ನಮ್ಮೂರ ರಸ್ತೆಯಲ್ಲಿ ಭತ್ತ ಹೇರಿದ ಟ್ರ್ಯಾಕ್ಟರು ಅದಕ್ಕಿಂತ ಬೇಗ ಹೋಗುವುದನ್ನು ನಾನು ಕಂಡಿಲ್ಲ.

ಈ ವೇಗದಲ್ಲಿ ಏನೂ ಕಾಣದೆ ಓಡುವುದು ಹೇಗೆ? ಟಿ-11 ಎಂದರೆ ದೃಷ್ಟಿ ಇಲ್ಲದವರ ವಿಭಾಗ. ಬೆಳಕು ಕತ್ತಲೆಯ ಅರಿವಿನಲ್ಲೂ ಒಬ್ಬರಿಗೆ ಲಾಭ, ಒಬ್ಬರಿಗೆ ನಷ್ಟ ಆಗಬಾರದೆಂದು ಎಲ್ಲರ ಕಣ್ಣಿಗೂ ಕಪ್ಪು ಪಟ್ಟಿ ಕಟ್ಟುತ್ತಾರೆ. ಮಾರ್ಗದರ್ಶಿ ಪಕ್ಕದಲ್ಲೇ ಓಡುತ್ತಾನೆ. ಇಬ್ಬರ ಕೈಗಳ ನಡುವೆ ಒಂದು ಚಿಕ್ಕ ಹಗ್ಗ. ನಿಯಮ ಬಲು ಬಿಗಿ. ಆತ ಎಳೆಯುವಂತಿಲ್ಲ, ನೂಕುವಂತಿಲ್ಲ, ಗೆರೆಯನ್ನು ಅವಳಿಗಿಂತ ಮೊದಲು ದಾಟುವಂತಿಲ್ಲ. ‘ತಿರುವು ಬಂತು’, ‘ಮುಂದೆ ಒಬ್ಬಳಿದ್ದಾಳೆ’, ‘ಇನ್ನು ಇನ್ನೂರು’ ಎಂದು ಹೇಳಬಹುದು. ಅಂದರೆ ಅವಳಿಗಿಂತ ಜೋರಾಗಿ ಓಡಬಲ್ಲವನಾಗಿರಬೇಕು, ಓಡುತ್ತಲೇ ಮಾತಾಡುವಷ್ಟು ಉಸಿರು ಉಳಿಸಿಕೊಂಡಿರಬೇಕು, ಕೊನೆಗೆ ಹಿಂದೆ ಉಳಿಯಬೇಕು!

ಇನ್ನೊಂದು ಲೆಕ್ಕ. 1500 ಮೀಟರಿಗೆ ಮೂರು ಮುಕ್ಕಾಲು ಸುತ್ತು, ಏಳು ತಿರುವು. ಮಾರ್ಗದರ್ಶಿ ಎರಡಡಿ ಹೊರಗೆ ಓಡುತ್ತಾನೆಂದು ಇಟ್ಟುಕೊಳ್ಳಿ. ಒಂದೊಂದು ತಿರುವಿನಲ್ಲೂ ಅವನಿಗೆ ಹೆಚ್ಚುವರಿ ಆರಡಿಗೂ ಮೇಲೆ ಬೀಳುತ್ತದೆ. ಒಟ್ಟು ಸುಮಾರು 13 ಮೀಟರು. ಮಕ್ಕಳಿಗೆ ‘ಪೈ’ ಯಾತಕ್ಕೆ ಕಲಿಯಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಈಗ ಇದನ್ನೇ ಕೊಡುತ್ತೇನೆ.

ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತು ನೋಡಿ. ಹತ್ತು ಎಣಿಸುವುದರೊಳಗೆ ಓಲಾಡುತ್ತೀರಿ. ದೇಹದ ತೂಕ ಹಿಡಿಯಲು ಒಳಕಿವಿಯ ಅರೆವರ್ತುಲ ನಾಳಗಳು, ಪಾದ ಮತ್ತು ಕೀಲುಗಳಿಂದ ಮಿದುಳಿಗೆ ಹೋಗುವ ಸುದ್ದಿ, ಕಣ್ಣು – ಮೂರೂ ಸೇರಿ ಕೆಲಸ ಮಾಡುತ್ತವೆ. ಒಂದನ್ನು ಕಳೆದರೆ ಉಳಿದೆರಡರ ಮೇಲೆ ಹೊರೆ. ರಕ್ಷಿತಾ ಆ ಎರಡರಲ್ಲೇ ತಿರುವಿಗೆ ಒಳವಾಲಿ ಓಡುತ್ತಾಳೆ. ದೇವರು ಒಂದು ಕಿತ್ತುಕೊಂಡರೆ ಇನ್ನೊಂದು ಕೊಡುತ್ತಾನೆ ಎಂದು ನಮ್ಮ ಜನ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕೊಟ್ಟದ್ದು ವರ್ಷಾನುಗಟ್ಟಲೆಯ ಬೆಳಗಿನ ಅಭ್ಯಾಸ, ಮತ್ತು ಪಕ್ಕದಲ್ಲಿ ಓಡಿದವರು.

ಈ ತುಣುಕುಗಳನ್ನು ಕತ್ತರಿಸಿ ಇಡಲು ಒಂದು ಕಾರಣವಿತ್ತು. ನನ್ನ ತರಗತಿಯ ಒಬ್ಬ ಹುಡುಗಿಗೆ ಸಂಜೆಯಾದರೆ ಕಾಣುವುದಿಲ್ಲ. ಹಗಲಲ್ಲೂ ಎದುರಿಗೆ ಇದ್ದದ್ದಷ್ಟೆ, ಪಕ್ಕದ್ದು ಇಲ್ಲ. ಅಕ್ಷಿಪಟಲದ ಅಂಚಿನ ಕೋಶಗಳು ಮೊದಲು ಸಾಯುವ ಅನುವಂಶೀಯ ರೋಗ. ಗಜ್ಜರಿ, ನುಗ್ಗೆಸೊಪ್ಪು ತಿಂದರೆ ಹೋಗುವ ಇರುಳುಗಣ್ಣು ಬೇರೆ, ಇದು ಬೇರೆ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಮನೆತನಗಳಲ್ಲಿ ಇಂಥ ಅಡಗಿದ ವಂಶವಾಹಿಗಳು ಜೋಡಿಯಾಗುವ ಸಂಭವ ಹೆಚ್ಚು. ಪಾಠದಲ್ಲಿ ಮೆಂಡೆಲನ ಬಟಾಣಿ ಹೇಳುವಾಗ ನಾನು ಅವಳ ಬೆಂಚಿನ ಕಡೆ ನೋಡುವುದಿಲ್ಲ.

ಆಟದ ಪೀರಿಯಡ್ಡಿನಲ್ಲಿ ಅವಳ ಕೆಲಸ ಉಳಿದವರ ಚಪ್ಪಲಿ, ಚೀಲ ಕಾಯುವುದು. ಒಂದು ದಿನ ರಕ್ಷಿತಾಳ ಹಾಂಗ್‌ಝೌ ಸುದ್ದಿಯನ್ನು ತರಗತಿಯಲ್ಲಿ ಓದಿದೆ. ಗಂಟೆ ಹೊಡೆದ ಮೇಲೆ ಅವಳು ಹತ್ತಿರ ಬಂದು, ‘ಸರ್, ಆ ಹಗ್ಗ ಎಷ್ಟು ಉದ್ದ ಇರ್ತದ್ರಿ?’ ಎಂದು ಕೇಳಿದಳು.

ನಮ್ಮ ಪಿ.ಟಿ. ಮಾಸ್ತರರು ಉತ್ಸಾಹಿ. ಬೂಟಿನ ಲೇಸು ಒಂದನ್ನು ಎರಡೂ ತುದಿ ಕುಣಿಕೆ ಮಾಡಿ ತಂದರು. ಅವಳ ದೊಡ್ಡಪ್ಪನ ಮಗಳು, ಹತ್ತನೇ ತರಗತಿಯವಳು, ವಲಯ ಮಟ್ಟದಲ್ಲಿ ಓಡಿದವಳು, ಇನ್ನೊಂದು ತುದಿ ಹಿಡಿದಳು. ಸುಣ್ಣದ ಪುಡಿ ಎಳೆದ 200 ಮೀಟರಿನ ನಮ್ಮ ಅಂಗಳದಲ್ಲಿ ಮೊದಲ ದಿನ ಇಬ್ಬರ ಹೆಜ್ಜೆಯೂ ಕೂಡಲಿಲ್ಲ. ಎಡಗಾಲಿಗೆ ಎಡಗಾಲು, ಬಲಗಾಲಿಗೆ ಬಲಗಾಲು. ಲಗ್ನದ ಮೆರವಣಿಗೆಯಂತೆ ಅರ್ಧ ಸುತ್ತು ನಡೆದರು. ವಾರದ ಹೊತ್ತಿಗೆ ಓಟವಾಯಿತು. ನಗುತ್ತ ಓಡುತ್ತಿದ್ದರು.

ತಾಯಿ ಶಾಲೆಗೆ ಬಂದರು. ಜಗಳಕ್ಕಲ್ಲ, ಪಾಪ, ಗದ್ದೆಯಿಂದ ಹಾಗೇ ಬಂದಿದ್ದರು. ‘ಸರ್, ಮೊದಲ ಕಣ್ಣಿಲ್ಲ. ಬಿದ್ದು ಹಲ್ಲು ಮುರಕೊಂಡ್ರ ಯಾರ್ ಮಾಡ್ಕೋತಾರ್ರಿ ಆಕೀನ?’ ಈ ಮಾತಿಗೆ ವಿಜ್ಞಾನದಲ್ಲಿ ಉತ್ತರವಿಲ್ಲ. ಹೆಣ್ಣುಮಕ್ಕಳ ಓಟಕ್ಕೆ ಇಂಥ ಆತಂಕ ನಮ್ಮ ಹಳ್ಳಿಗಷ್ಟೇ ಸೇರಿದ್ದೂ ಅಲ್ಲ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ದಣಿದರೆಂದು ಪತ್ರಿಕೆಗಳು ಗುಲ್ಲೆಬ್ಬಿಸಿದವು. ಆ ಓಟ ಮತ್ತೆ ಬರಲು 1960ರ ರೋಂ ಆಗಬೇಕಾಯಿತು. 1500 ಮೀಟರು ಬಂದದ್ದು 1972ರಲ್ಲಿ, ಮ್ಯಾರಥಾನ್ 1984ರಲ್ಲಿ. ದೊಡ್ಡ ದೊಡ್ಡ ದೇಶಗಳ ಕೋಟಿನ ಮಹನೀಯರೇ ಅಷ್ಟು ಹೆದರಿದ್ದರೆಂದ ಮೇಲೆ ಒಬ್ಬ ತಾಯಿಯನ್ನು ಏನೆನ್ನುವುದು? ರಕ್ಷಿತಾಳ ಚಿತ್ರ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿ, ‘ಪಕ್ಕದಾಗಿನ ಹುಡುಗ ಯಾರ್ರಿ? ಅಣ್ಣನೇನು?’ ಎಂದರು.

ಸರಿಯಾದ ಪ್ರಶ್ನೆ ಅದೇ. ಓಡಬಲ್ಲ ಮಕ್ಕಳು ಊರೂರಲ್ಲಿ ಇದ್ದಾರೆ. ಅಪ್ಪ, ಅಣ್ಣ ಯಾರೂ ಅಲ್ಲದೆ, ತನ್ನ ಓಟವನ್ನು ಬದಿಗಿಟ್ಟು ಇನ್ನೊಬ್ಬರ ಕಾಲಕ್ಕೆ ತನ್ನ ಕಾಲು ಕೊಡುವವರು ಎಲ್ಲಿ ಸಿಗುತ್ತಾರೆ? ಈಗ ಮಾರ್ಗದರ್ಶಿಗೂ ಪದಕ ಹಾಕುತ್ತಾರೆ, ಒಳ್ಳೆಯದೇ. ಆದರೆ ಆ ಹಗ್ಗ ಎಂಥದೆಂದು ತಿಳಿಯಲು ಪ್ಯಾರಿಸ್‌ನ ಇನ್ನೊಂದು ಸಂಗತಿ ಕೇಳಿ. ಸ್ಪೇನಿನ ಎಲೆನಾ ಕೊಂಗೋಸ್ಟ್ ಮ್ಯಾರಥಾನಿನಲ್ಲಿ ಮೂರನೆಯವಳಾಗಿ ಗೆರೆಯ ಹತ್ತಿರ ಬಂದಿದ್ದಳು. ಮಾರ್ಗದರ್ಶಿಗೆ ಸ್ನಾಯು ಹಿಡಿದು ಮುಗ್ಗರಿಸಿದ. ಬೀಳದಂತೆ ಅವನನ್ನು ಹಿಡಿಯಲು ಒಂದು ಗಳಿಗೆ ಹಗ್ಗ ಬಿಟ್ಟಳು. ಅನರ್ಹಳೆಂದರು, ಕಂಚು ಹಿಂದೆ ಬರುತ್ತಿದ್ದ ಜಪಾನಿನ ಮಿಚಿಷಿತಾಗೆ ಹೋಯಿತು. ನಿಯಮ ನಿಯಮವೇ ಇರಬಹುದು. ನನ್ನ ಮಟ್ಟಿಗೆ ಆ ಕೂಟದಲ್ಲಿ ಅದಕ್ಕಿಂತ ದೊಡ್ಡ ಓಟ ನಡೆಯಲಿಲ್ಲ.

ನಮ್ಮ ದೊಡ್ಡಪ್ಪನ ಮಗಳು ಮಾರ್ಚಿನಲ್ಲಿ ಪರೀಕ್ಷೆ ಬರೆದು ಪಿಯುಸಿಗೆ ಸಿಂಧನೂರಿಗೆ ಹೋದಳು. ಹೋಗುವಾಗ ಲೇಸನ್ನು ಪಿ.ಟಿ. ಮಾಸ್ತರರ ಕೈಗೆ ಕೊಟ್ಟಳು. ಶಾಲೆಯಲ್ಲಿ ಅವಳಷ್ಟು ಜೋರಾಗಿ ಓಡುವ ಹುಡುಗರು ಇಬ್ಬರಿದ್ದಾರೆ. ಹುಡುಗ ಜೊತೆ ಓಡಬಹುದೆಂದು ಅಂತರರಾಷ್ಟ್ರೀಯ ನಿಯಮ ಒಪ್ಪುತ್ತದೆ, ನಮ್ಮೂರ ಕಟ್ಟೆ ಒಪ್ಪುವುದಿಲ್ಲ. ಹುಡುಕಿ ಹುಡುಕಿ ಎಂಟನೇ ತರಗತಿಯ ಒಬ್ಬಳು ಸಿಕ್ಕಿದ್ದಾಳೆ. ಗಿಡ್ಡಿ, ಹೆಜ್ಜೆ ಚಿಕ್ಕದು, ಮಾತು ಮಾತ್ರ ಬಹಳ. ತಿರುವು ಬರುವುದಕ್ಕೆ ಹತ್ತು ಮಾರು ಮೊದಲೇ ‘ಅಕ್ಕಾ, ಎಡಕ್ಕ, ಎಡಕ್ಕ’ ಎಂದು ಕೂಗುತ್ತಾಳೆ. ಬೆಳಿಗ್ಗೆ ಆರೂವರೆಗೆ ಇಬ್ಬರೂ ಅಂಗಳದಲ್ಲಿರುತ್ತಾರೆ. ದನ ಕರುಗಳನ್ನು ಅತ್ತ ಓಡಿಸುವ ಕೆಲಸ ನನ್ನದು.