ಬಣ್ಣದ ಕೆಳಗಿನ ತುಕ್ಕು

ರಾಮನಗರದ ನಮ್ಮ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ತೀರ್ಥರೂಪರ ಅಂಬಾಸಿಡರ್ ಕಾರು ಬಹುಕಾಲ ತುಕ್ಕು ಹಿಡಿದು ನಿಂತಿತ್ತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ಕೆಲವು ವರ್ಷಗಳ ತರುವಾಯ, ದುರಸ್ತಿಗೊಳಿಸಿ ಮಾರುವ ಉದ್ದೇಶದಿಂದ ನಾನೇ ತಂತಿಯ ಬ್ರಷ್ ಹಿಡಿದೆನು.

ತಳದ ತಗಡನ್ನು ಉಜ್ಜುತ್ತಿದ್ದಂತೆ, ಹಿಂದಿನ ಆಸನದವರು ಪಾದವಿಡುವಲ್ಲಿ ಅಂಗೈಯಗಲದ ತೂತು ಕಾಣಿಸಿತು. “ಪುಟ್ಟಿ ತುಂಬಿ ಬಣ್ಣ ಹೊಡೆದರೆ ಯಾರಿಗೂ ತಿಳಿಯದು ಸ್ವಾಮಿ” ಎಂದರು ಟಿಂಕರಿಂಗ್ ಬಲ್ಲವರೊಬ್ಬರು. ಹಾಗೆಯೇ ಮಾಡಿದೆನು. ಕೊಳ್ಳಲು ಬಂದವರು ಮೆಚ್ಚಿ ಬೆಲೆಯನ್ನೂ ಒಪ್ಪಿದರು. ಅವರ ಪುಟ್ಟ ಮಗಳು ಹಿಂದಿನ ಆಸನದಲ್ಲಿ ಕುಣಿಯುತ್ತಿದ್ದಳು.

ಆ ರಾತ್ರಿ ನಿದ್ರೆ ಬರಲಿಲ್ಲ. ತೇವವೂ ಗಾಳಿಯೂ ಸೋಕಿದಲ್ಲಿ ಕಬ್ಬಿಣವು ತಾನೇ ತುಕ್ಕಾಗುತ್ತದೆ. ಪುಟ್ಟಿಯ ಅಡಿಯಲ್ಲಿ ಸಿಲುಕಿದ ತೇವವು ತನ್ನ ಕೆಲಸವನ್ನು ಮುಂದುವರಿಸುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಅತಿಚಾರಗಳ ಪೈಕಿ ‘ಪ್ರತಿರೂಪಕವ್ಯವಹಾರ’ವೂ ಒಂದು. ಕೀಳು ವಸ್ತುವನ್ನು ಒಳ್ಳೆಯದೆಂದು ಮಾರುವುದು ಅದರಲ್ಲಿ ಸೇರುತ್ತದೆ. ನಾನು ಮಾಡಹೊರಟಿದ್ದು ಅದನ್ನೇ.

ಬೆಳಗ್ಗೆ ಪುಟ್ಟಿಯನ್ನೆಲ್ಲ ಕೆರೆದೆನು. ಕೊಳೆತ ತಗಡನ್ನು ಕತ್ತರಿಸಿ ತೆಗೆಸಿ, ಹೊಸ ಉಕ್ಕಿನ ತಗಡನ್ನು ವೆಲ್ಡ್ ಮಾಡಿಸಿ, ರೆಡ್ ಆಕ್ಸೈಡ್ ಬಳಿದು, ಮೇಲ್ಬಣ್ಣ ಹಚ್ಚುವ ಮುನ್ನ ಅವರನ್ನು ಕರೆಸಿ ನಡೆದುದನ್ನು ಹೇಳಿದೆನು. ಅವರು ಬೆಲೆಯನ್ನು ಇಳಿಸಿದರು, ನಾನು ಒಪ್ಪಿದೆನು. ಕಳೆದುಕೊಂಡ ಹಣದ ಲೆಕ್ಕ ಇಂದು ನೆನಪಿಲ್ಲ. ಆ ಮಗುವಿನ ಪಾದಗಳು ಮಾತ್ರ ಕಣ್ಣಮುಂದಿವೆ.